ಮೊಹರಿಲ್ಲದ ಒಪ್ಪಿಗೆ

ಇದನ್ನು ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದು ಇನ್ನೊಬ್ಬರ ಮದುವೆಯ ವಿಷಯ. ನಡುವೆ ಬರುವ ಕಂಪ್ಯೂಟರಿನ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಹೈದರಾಬಾದಿನಲ್ಲಿ ಬೀದಿಗೊಬ್ಬರು ಸಿಗುತ್ತಾರೆ. ನಾನು ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿ, ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ, ಅದೂ ಸಂಜೆಯೇ, ಕಂಪ್ಯೂಟರ್ ಕಲಿತವಳು. ಹಗಲಲ್ಲಿ ಕಲಿತವರಿಗೆ ಇರುವ ಧೈರ್ಯ ನನಗೆ ಬಂದಿಲ್ಲ. ಆ ಮದುವೆಯ ಹೆಣ್ಣು ಉಮಾಶ್ರೀ ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ, ಆದ್ರ ನನ್ನ ಭಾಳ ಒಳ್ಳೇಕಿ ಮಾಡಬ್ಯಾಡ್ರಿ" ಎಂದಿದ್ದಾರೆ.

ನಾನು ಕೆಲಸ ಮಾಡುವುದು ಕಾಚಿಗೂಡ ಸ್ಟೇಷನ್ನಿನ ಎದುರಿನ ಗಲ್ಲಿಯಲ್ಲಿ, ಒಂದು ಲಾಡ್ಜಿನ ಮೇಲಿನ ಮಹಡಿಯಲ್ಲಿರುವ ವಧೂವರರ ಕೇಂದ್ರದಲ್ಲಿ. ಇಲ್ಲಿ ನೆಲೆಸಿದ ಕನ್ನಡದ ಮನೆಗಳಿಗೂ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಮನೆಗಳಿಗೂ ನಡುವೆ ಸಂಬಂಧ ಕೂಡಿಸುವುದು ಕೇಂದ್ರದ ಕೆಲಸ. ಗಂಡಿನ ಕಡೆಯವರು ರೈಲಿಳಿದು, ಲಾಡ್ಜಿನಲ್ಲಿ ಮುಖ ತೊಳೆದು, ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬರುತ್ತಾರೆ. ಕೇಂದ್ರ ನಡೆಸುವವರು ಶಿವದೇವಿ ಅಮ್ಮ. ವಯಸ್ಸು ಅರವತ್ತು ದಾಟಿದೆ, ದನಿ ದಾಟಿಲ್ಲ.

ಅಮ್ಮನವರ ಕೆಲವು ಕಟ್ಟಳೆಗಳಿವೆ. ಹಿಂದೊಮ್ಮೆ ಒಂದು ಹುಡುಗಿಯ ಫೋಟೋ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹಾರಿ ಎಲ್ಲೆಲ್ಲಿಗೋ ಹೋಗಿ ದೊಡ್ಡ ರಂಪವಾಯಿತು. ಅಂದಿನಿಂದ ಕೇಂದ್ರದ ವ್ಯವಹಾರವೆಲ್ಲ ಕೇಂದ್ರದ ಹೆಸರಿನ ಮೇಲ್ ವಿಳಾಸದಿಂದಲೇ. ಹುಡುಗ ಹುಡುಗಿ ಇಲ್ಲಿಯೇ ಕುಳಿತು ಮಾತಾಡಬೇಕು; ಫೋನ್ ನಂಬರ್ ಕೊಡುವಂತಿಲ್ಲ. ಒಪ್ಪಿಗೆಯಾದವರು ನಮಗೆ ಹೇಳಬೇಕು, ನಾವು ಆ ಕಡೆಗೆ ಮೇಲ್ ಮಾಡುತ್ತೇವೆ. ಆ ಕಡೆಯವರು ಮುಂದಿನ ಅಮಾವಾಸ್ಯೆಯೊಳಗೆ ಉತ್ತರ ಬರೆಯದಿದ್ದರೆ ಮನಸ್ಸಿಲ್ಲ ಎಂದು ಅರ್ಥ. ಬಾಯಿ ಬಿಟ್ಟು "ಬ್ಯಾಡ" ಎನ್ನುವ ಮುಜುಗರ ಯಾರಿಗೂ ಇಲ್ಲ. ಮತ್ತೆ ಕೇಳುವುದು ಮಾತ್ರ ಕೂಡದು. "ಎರಡನೇ ಸಲ ಕೇಳಿದ್ರ ಹೆಣ್ಣು ಹಗುರ ಆಗ್ತಾಳ" ಎಂದು ಅಮ್ಮ ಎಲ್ಲರಿಗೂ ಹೇಳುತ್ತಾರೆ.

ಉಮಾಶ್ರೀ ಬೇಗಂಪೇಟೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ಮೂಲ ಯಾದಗಿರಿ ಕಡೆ; ಅಪ್ಪ ಕಟ್ಟಡದ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವರು. ನಮ್ಮಲ್ಲಿಗೆ ಬಂದು ಕುಳಿತ ಗಂಡುಗಳನ್ನೆಲ್ಲ ಆಕೆ ಬೇಡ ಎಂದಿದ್ದರು. "ಈಕಿಗೆ ಇಂದ್ರಲೋಕದಿಂದ ತರಬೇಕು" ಎಂದು ಅಮ್ಮ ನನ್ನೆದುರು ಗೊಣಗಿದ್ದರು. ಆದರೆ ರಾಯಚೂರಿನಿಂದ ಬಂದ ಆನಂದಕುಮಾರ ಎಂಬವರ ಜೊತೆ ಕುಳಿತು ಎದ್ದ ದಿನ, ಮೆಟ್ಟಿಲಿಳಿಯುವ ಮೊದಲೇ ನನ್ನ ಮೇಜಿನ ಹತ್ತಿರ ಬಂದು, "ನಂದು ಹೂಂ ಅಂತ ಬರೀರಿ" ಎಂದರು. ಆನಂದಕುಮಾರ ಅಲ್ಲಿಯ ಐಟಿಐಯಲ್ಲಿ ಫಿಟ್ಟರ್ ಕೆಲಸ ಕಲಿಸುವವರು. ಅವರಲ್ಲಿ ಏನು ಹಿಡಿಸಿತು ಎಂದು ನಾನು ಕೇಳಬಾರದಿತ್ತು, ಕೇಳಿದೆ.

"ನನ್ನ ಪಗಾರ ಎಷ್ಟು ಅಂತ ಕೇಳಲಿಲ್ರಿ. ಸೂಜಿ ಚುಚ್ಚಬೇಕಾದ್ರ ನಿಮಗ ಅಂಜಿಕಿ ಆಗಂಗಿಲ್ಲೇನು ಅಂತ ಕೇಳಿದ್ರು. ಮೊದಲ ಮೊದಲ ಆಗ್ತಿತ್ತು ಅಂದೆ. ನನಗ ಹುಡುಗರ ಕೈಗೆ ಮಷೀನ್ ಕೊಡಾಗ ಇನ್ನೂ ಆಗ್ತೈತಿ ಅಂದ್ರು."

ಅಷ್ಟೇ. ಅಂದೇ ಸಂಜೆ ನಾನು ಆನಂದಕುಮಾರರಿಗೆ ಮೇಲ್ ಕಳಿಸಿದೆ. ಉಮಾಶ್ರೀ ಅವರಿಗೂ ಒಂದು ಪ್ರತಿ ಹೋಯಿತು.

ಉತ್ತರ ಬರಲಿಲ್ಲ. ಅಮಾವಾಸ್ಯೆ ಹತ್ತಿರವಾಗುತ್ತಿತ್ತು. ಒಂದು ಮಧ್ಯಾಹ್ನ ಉಮಾಶ್ರೀ ಲ್ಯಾಬಿನಿಂದ ನೇರ ಬಂದರು. ಕೈಯಲ್ಲಿ ಫೋನು. ಕೂರಲೂ ಇಲ್ಲ.

"ಕುಮುದಾ ಅವರೇ, ಇಲ್ಲಿ ನೋಡ್ರಿ. ನನಗ ಕಳಿಸಿದ ಕಾಪಿ ಎಲ್ಲೈತಿ ಗೊತ್ತೇನು? ಸ್ಪ್ಯಾಮ್‌ನಾಗ. ಲಾಟರಿ ಹತ್ತೈತಿ ಅನ್ನೋರ ನಡುವ ನನ್ನ ಒಪ್ಪಿಗಿ ಕುಂತೈತಿ."

ಮೇಲ್‌ನ ತಲೆಯ ಮೇಲೆ ಒಂದು ಪಟ್ಟಿ ಇತ್ತು: ಇದನ್ನು ಕಳಿಸಿದವರು ನಿಜವಾಗಿ ಅವರೇ ಎಂದು ಖಚಿತಪಡಿಸಲಾಗಲಿಲ್ಲ.

ನಮ್ಮ ಮೇಲ್‌ಗಳನ್ನು ನಡೆಸಿಕೊಡುವ ಕಂಪನಿಯಿಂದ ಇದೇ ಕುರಿತು ಒಂದು ಸೂಚನೆ ಬಂದದ್ದು ನೆನಪಾಯಿತು. ಇನ್ನು ಮೇಲೆ ನಿಮ್ಮ ಹೆಸರಿನ ಮೇಲ್‌ಗಳಿಗೆ ಸಹಿ ಇರಬೇಕು, ಇಲ್ಲದಿದ್ದರೆ ಮುಟ್ಟಿಸುವ ಭರವಸೆ ಇಲ್ಲ ಎಂದು ಅದರಲ್ಲಿತ್ತು. ಅದನ್ನು ಅಮ್ಮನವರಿಗೆ ಓದಿ ಹೇಳಿದ್ದೆ. "ಎಲ್ಲಾದಕ್ಕೂ ಕೆಳಗ ನನ್ನ ಹೆಸರು ಹಾಕ್ತೀಯಲ್ಲ, ಮತ್ತೇನು ಸಹಿ?" ಎಂದಿದ್ದರು.

ಅದು ಆ ಸಹಿಯಲ್ಲ ಎಂದು ಈಗ ಉಮಾಶ್ರೀಗೂ ಅಲ್ಲೇ ಇದ್ದ ಅಮ್ಮನವರಿಗೂ ಬಿಡಿಸಿ ಹೇಳಲು ನೋಡಿದೆ. ಇದನ್ನು ಮೊಹರು ಎಂದುಕೊಳ್ಳಿ ಎಂದೆ. ಮೊಹರಿನ ಅಚ್ಚು ಮೇಲ್ ಕಂಪನಿಯ ಬಳಿಯೇ ಗುಟ್ಟಾಗಿ ಇರುತ್ತದೆ. ಹೋಗುವ ಪ್ರತಿ ಮೇಲ್‌ಗೂ ಅವರು ಒತ್ತುತ್ತಾರೆ. ಅದರ ನಮೂನೆಯನ್ನು, ಎಂದರೆ ಉದ್ದನೆಯ ಅಕ್ಷರಗಳ ಒಂದು ಸಾಲನ್ನು, ನಮಗೆ ಕೊಡುತ್ತಾರೆ. ಅದನ್ನು ನಾವು ನಮ್ಮ ಹೆಸರಿನ ಫಲಕದಲ್ಲಿ ತೂಗುಹಾಕಬೇಕು. ಮೇಲ್ ಪಡೆದ ಕಡೆಯವರ ಯಂತ್ರ ಮೊಹರನ್ನು ನೋಡಿ, ಫಲಕದ ಮೇಲಿನ ನಮೂನೆಯನ್ನು ನೋಡಿ, ತಾಳೆಯಾದರೆ ಒಳಗೆ ಬಿಡುತ್ತದೆ.

"ಫಲಕ ಎಲ್ಲೈತಿ?" ಎಂದರು ಅಮ್ಮ, ಬಾಗಿಲ ಕಡೆ ನೋಡುತ್ತ.

"ಇಲ್ಲಿ ಅಲ್ರಿ ಅಮ್ಮಾ. ಇಂಟರ್ನೆಟ್‌ನಾಗ ನಮ್ಮ ಕೇಂದ್ರದ ಹೆಸರು ನೋಂದಾಯಿಸಿದ್ದು ಬೇರೆ ಕಂಪನಿಯಾಗ. ಅವರ ಕಡೆ ಐತಿ."

"ಅಂದ್ರ ಮೊಹರು ಒಬ್ಬರ ಕಡೆ, ಫಲಕ ಇನ್ನೊಬ್ಬರ ಕಡೆ. ನಾವು ಬರೇ ನಡುವ ಓಡ್ಯಾಡೂದು. ನಮ್ಮ ಧಂಧಾನೇ ಆತಲ್ಲ ಇದು!"

ಉಮಾಶ್ರೀ ನಗಲಿಲ್ಲ. "ಅಮ್ಮಾರ, ಒಂದು ಫೋನ್ ಮಾಡ್ರಿ ಅವರಿಗೆ. ಮೇಲ್ ಬಂದೈತೇನು, ಅಷ್ಟೇ ಕೇಳ್ರಿ."

"ಆಗಂಗಿಲ್ಲವ್ವಾ. ನಿನ್ನ ಸಲುವಾಗಿ ಇವತ್ತು ಫೋನ್ ಮಾಡಿದ್ರ ನಾಳೆ ಎಲ್ಲಾರೂ ಮಾಡ್ರಿ ಅಂತಾರ. ಮತ್ತ ಆ ಮನಿಯಾಕಿ ಏನಂತಾಳ ಗೊತ್ತೇನು? ಹುಡುಗಿ ಕಡೆಯಿಂದ ಫೋನ್ ಬಂತು, ಏನೋ ಕೊರತಿ ಐತಿ ಅಂತಾಳ."

"ಅಮಾವಾಸಿ ಆದ ಮ್ಯಾಲೆ?"

"ಅವರ ಹುಡುಗನ ವಿವರ ಬ್ಯಾರೆ ಮನಿಗೆ ಹೋಗ್ತೈತಿ. ನೇಮ ನೇಮನೇ."

ಉಮಾಶ್ರೀ ನನ್ನ ಕಡೆ ತಿರುಗಿದರು. "ಮತ್ತ ನೀವು ಮಾಡ್ರಿ ಆ ಮೊಹರು."

ಅವರು ಹೋದ ಮೇಲೆ ಕುರ್ಚಿಯಲ್ಲಿ ಕೂರಲು ನನಗೆ ಆಗಲಿಲ್ಲ. ನಿಂತೇ ಕಂಪ್ಯೂಟರಿಗೆ ಬಗ್ಗಿದೆ. ಮೇಲ್ ಕಂಪನಿಯ ಪುಟದಲ್ಲಿ ಸಹಿಯ ವಿಭಾಗ ಹುಡುಕಿ, ಅವರು ಕೊಟ್ಟ ಎರಡು ಸಂಗತಿಗಳನ್ನು ನಕಲು ಮಾಡಿಕೊಂಡೆ: ನಮೂನೆಯನ್ನು ತೂಗುಹಾಕಬೇಕಾದ ಜಾಗದ ಹೆಸರು, ಮತ್ತು ನಮೂನೆ. ನಮೂನೆಯೆಂದರೆ ಇರುವೆ ಸಾಲಿನಂತೆ ಮುಗಿಯದ ಅಕ್ಷರ. ಹೆಸರಿನ ಕಂಪನಿಯ ಪುಟಕ್ಕೆ ಹೋಗಿ ಅಲ್ಲಿ ಅಂಟಿಸುವ ಮೊದಲು ಕೈ ಹಿಂದೆಗೆದೆ. ಅದೇ ಪುಟದಲ್ಲಿ ಬೇರೆ ಸಾಲುಗಳೂ ಇದ್ದವು. ಅವುಗಳಲ್ಲಿ ಒಂದನ್ನು ಕೆಡಿಸಿದರೂ ಕೇಂದ್ರಕ್ಕೆ ಬರುವ ಮೇಲ್‌ಗಳೇ ನಿಂತುಹೋಗಬಹುದು. ಪುಟದ ಫೋಟೋ ತೆಗೆದೆ. ಸರಿ ಬಂದಿದೆಯೋ ಎಂದು ಇನ್ನೊಂದು ತೆಗೆದೆ. ಆಮೇಲೆ ಅಂಟಿಸಿ, ಉಳಿಸುವ ಗುಂಡಿ ಒತ್ತಿದೆ.

ಮೇಲ್ ಕಂಪನಿಯ ಪುಟಕ್ಕೆ ಮರಳಿ ಪರೀಕ್ಷಿಸಿದರೆ "ನಮೂನೆ ಸಿಗಲಿಲ್ಲ" ಎಂದು ಬಂತು. ಕೆಳಗೆ ಸಣ್ಣಕ್ಷರದಲ್ಲಿ, ಇದು ಎಲ್ಲ ಕಡೆ ಹರಡಲು ಎರಡು ದಿನದವರೆಗೂ ಹಿಡಿಯಬಹುದು ಎಂದಿತ್ತು.

ಆ ಒಂದು ವಾಕ್ಯ ನನ್ನನ್ನು ಕಾಡಿದಷ್ಟು ಇನ್ನಾವುದೂ ಕಾಡಲಿಲ್ಲ. ತಪ್ಪಾಗಿದ್ದರೆ ತಪ್ಪು ಎಂದು ಹೇಳಿಬಿಟ್ಟರೆ ತಿದ್ದಬಹುದು. ಕಾಯಿರಿ ಎಂದರೆ? ನಾನು ಕಾಯುತ್ತಿರುವುದು ಸರಿಯಾದದ್ದು ಹರಡಲೆಂದೋ, ನನ್ನ ತಪ್ಪು ಹರಡಲೆಂದೋ? ಚಹಾ ತರಿಸಿದೆ, ಕುಡಿಯಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಫೋನಿನಲ್ಲೇ ಪರೀಕ್ಷಿಸಿದೆ. ಅಡುಗೆ ಮಾಡುತ್ತ ಪರೀಕ್ಷಿಸಿದೆ. ಪಲ್ಯ ತಳ ಹಿಡಿಯಿತು. ಸಿಗಲಿಲ್ಲ, ಸಿಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಶಿವದೇವಿ ಅಮ್ಮ ಸಂತೋಷದಿಂದ ಇದ್ದರು.

"ನಿನ್ನೆ ಮೊಹರು ಹಾಕಿದ್ಯಲ್ಲ, ಅದಕ್ಕ ನಾನು ಆ ಹುಡುಗಗ ಮೇಲ್ ಮತ್ತೊಮ್ಮೆ ಕಳಿಸೀನಿ. ನನ್ನ ಫೋನಿನಾಗಿಂದಲೇ."

"ಅಮ್ಮಾ, ಅದು ಇನ್ನೂ ಆಗಿಲ್ರಿ! ಮತ್ತ ಎರಡನೇ ಸಲ ಕಳಿಸಬಾರದು ಅಂತ ನೀವೇ..."

"ಎರಡನೇದು ಹೆಂಗಾತು? ಮೊದಲನೇದು ಕಸದ ಬುಟ್ಟಿಗೆ ಬಿದ್ದೈತಿ. ಕಸಕ್ಕ ಬಿದ್ದದ್ದು ಲೆಕ್ಕ ಇಲ್ಲ."

ಹಾಗಾದರೆ ಇದೂ ಕಸಕ್ಕೇ ಬಿದ್ದಿರುತ್ತದೆ ಎಂದು ಹೇಳಿದೆ. "ಹಂಗಾರ ಅದೂ ಲೆಕ್ಕ ಇಲ್ಲ, ಬಿಡು" ಎಂದರು. ಅದರಲ್ಲೂ ಒಂದು ನ್ಯಾಯವಿತ್ತು. ನನಗೆ ಮಾತ್ರ ಸಮಾಧಾನವಾಗಲಿಲ್ಲ.

ಸಂಕೋಚ ಬಿಟ್ಟು ಸುಮಂತ ಸರ್‌ಗೆ ಫೋನ್ ಮಾಡಿದೆ. ಅವರು ಮೈಸೂರಿನವರು, ಹಗಲು ಯಾವುದೋ ಐಟಿ ಕಂಪನಿಯಲ್ಲಿದ್ದು ಸಂಜೆ ನಮಗೆ ಪಾಠ ಹೇಳಿದವರು. ನಾನು ಏನೇನು ಮಾಡಿದೆ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸತೊಡಗಿದೆ.

"ತಾಳಿ ತಾಳಿ, ಕುಮುದಾ. ನೀವು ಏನು ಬರೆದ್ರಿ ಅಂತ ಹೇಳಬೇಡಿ. ಅಲ್ಲಿ ಏನು ಉಳಿದಿದೆ, ಅದನ್ನ ಓದಿ."

ಓದಿದೆ. ಜಾಗದ ಹೆಸರಿನ ಕೊನೆಯಲ್ಲಿ ನಮ್ಮ ಕೇಂದ್ರದ ಹೆಸರು ಇತ್ತು. ಅದರ ಮುಂದೆ ಮತ್ತೊಮ್ಮೆ ಇತ್ತು. ನಾನು ಪೂರ್ತಿ ಹೆಸರು ಬರೆದಿದ್ದೆ; ಆ ಪುಟ ತಾನಾಗಿಯೇ ಹಿಂದೆ ಕೇಂದ್ರದ ಹೆಸರು ಸೇರಿಸಿಕೊಳ್ಳುತ್ತದಂತೆ. ನಮೂನೆಯನ್ನು ನಾನು ತೂಗುಹಾಕಿದ್ದು ಇಲ್ಲದ ಮನೆಯ ಬಾಗಿಲಿಗೆ. ಎರಡು ದಿನವಲ್ಲ, ಎರಡು ವರ್ಷ ಕಾದರೂ ಯಾರೂ ಅಲ್ಲಿಗೆ ಬಂದು ನೋಡುತ್ತಿರಲಿಲ್ಲ.

"ಆಗುತ್ತೆ, ಎಲ್ಲರಿಗೂ ಆಗುತ್ತೆ" ಎಂದರು ಸರ್. "ನಮೂನೆಯ ಬಾಲಾನೂ ನೋಡಿಬಿಡಿ. ಉದ್ದ ಜಾಸ್ತಿ ಅಲ್ವಾ, ಎಷ್ಟೋ ಸಲ ಕೊನೆ ಉಳಿದೇಹೋಗಿರುತ್ತೆ."

ಬಾಲವೂ ಇರಲಿಲ್ಲ. ಮೊದಲ ಸಾಲು ಮುಗಿದಲ್ಲಿಗೇ ನನ್ನ ನಕಲು ನಿಂತಿತ್ತು. ಎರಡನ್ನೂ ತಿದ್ದಿ, ಪ್ರತಿ ಅಕ್ಷರಕ್ಕೂ ಬೆರಳಿಟ್ಟು ತಾಳೆ ನೋಡಿದೆ. ಹಿಂದಿನಿಂದ ಅಮ್ಮ ಇಣುಕಿದರು.

"ಈಗ ಆತೇನು?"

"ಬರಾಬರ್ ಆಗಿರಬೇಕು ಅನಸ್ತೈತ್ರಿ. ಜರಾ ತಡೀರಿ, ನೋಡ್ತೀನಿ."

ಅವರು ಎಲ್ಲಿ ತಡೆದಾರು? ನಾನು ತಲೆ ಎತ್ತುವಷ್ಟರಲ್ಲಿ ಮೂರನೆಯದೂ ಹೋಗಿತ್ತು. ಇತ್ತ ಮೇಲ್ ಕಂಪನಿಯ ಪುಟದಲ್ಲಿ ಕೊನೆಗೂ "ನಮೂನೆ ಸಿಕ್ಕಿತು" ಎಂದು ಬಂತು. ಅದರ ಕೆಳಗೇ ಇನ್ನೊಂದು ಗುಂಡಿ: "ಸಹಿ ಮಾಡಲು ಆರಂಭಿಸಿ". ಅದನ್ನು ಒತ್ತುವವರೆಗೂ ಮೊಹರು ಬೀಳುವುದಿಲ್ಲ. ಎಂದರೆ ಈ ಮೂರನೆಯದೂ ಮೊಹರಿಲ್ಲದೆಯೇ ಹೋಗಿತ್ತು. ಒತ್ತಿದೆ. ನನ್ನ ಸ್ವಂತ ವಿಳಾಸಕ್ಕೆ ಖಾಲಿ ಮೇಲ್ ಒಂದನ್ನು ಕಳಿಸಿಕೊಂಡು ತೆರೆದು ನೋಡಿದೆ. ಎಚ್ಚರಿಕೆಯ ಪಟ್ಟಿ ಇರಲಿಲ್ಲ. ಸಹಿ ತಾಳೆಯಾಗಿದೆ ಎಂದು ಅದರ ವಿವರದಲ್ಲಿ ಸ್ಪಷ್ಟವಾಗಿತ್ತು.

ನಾಳೆ ಅಮಾವಾಸ್ಯೆ. ಮೊಹರಿರುವ ಒಂದು ಮೇಲ್ ಹೋಗಲೇಬೇಕು. ಆದರೆ ಆ ಮೂರು ಎಲ್ಲಿ ಬಿದ್ದಿವೆಯೋ ಯಾರಿಗೆ ಗೊತ್ತು? ಕಳಿಸಿದರೆ ಉಮಾಶ್ರೀ ಹಗುರವಾಗುತ್ತಾರೆ, ಕಳಿಸದಿದ್ದರೆ ಮುಗಿದೇಹೋಗುತ್ತದೆ. ಇದನ್ನು ತೀರ್ಮಾನಿಸುವ ಹಕ್ಕು ನನಗೂ ಇಲ್ಲ, ಅಮ್ಮನವರಿಗೂ ಇಲ್ಲ ಎನ್ನಿಸಿ ಉಮಾಶ್ರೀಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಆ ಕಡೆ ಲ್ಯಾಬಿನ ಯಾವುದೋ ಯಂತ್ರ ಗುರ್ ಎನ್ನುತ್ತಿತ್ತು.

"ಕಳಿಸ್ರಿ" ಎಂದರು.

ಕಳಿಸಿದೆ.

ಮರುದಿನ ಮಧ್ಯಾಹ್ನ ಉಮಾಶ್ರೀ ಬಂದು ಗೋಡೆ ಪಕ್ಕದ ಬೆಂಚಿನಲ್ಲಿ ಕುಳಿತರು. ಕೆಳಗೆ ಲಾಡ್ಜಿನವನು ಯಾರೊಂದಿಗೋ ತೆಲುಗಿನಲ್ಲಿ ಜಗಳವಾಡುತ್ತಿದ್ದ; ನಾವು ಮೂವರೂ ಅದನ್ನೇ ಕೇಳುತ್ತ ಕುಳಿತಿದ್ದೆವು. ಆಗ ಕೇಂದ್ರದ ಫೋನು ಹೊಡೆದುಕೊಂಡಿತು. ರಾಯಚೂರಿನ ನಂಬರು. ಅಮ್ಮನವರಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಯಾವಾಗಲೂ ಸ್ಪೀಕರ್.

"ನಾನ್ರಿ, ಆನಂದನ ತಾಯಿ ಗದಿಗೆಮ್ಮ. ಏನ್ರಿ ಇದು? ನಿಮ್ಮ ನೇಮ ಏನು, ನೀವು ಮಾಡೂದು ಏನು? ನನ್ನ ಮಗನ ಫೋನಿನಾಗ ನಿಮ್ಮ ಮೇಲ್ ಒಂದರ ಮ್ಯಾಲ ಒಂದು ಕುಂತಾವ. ಎಲ್ಲಾದರಾಗೂ ಅದೇ ಮಾತು, ಹುಡುಗಿಗೆ ಒಪ್ಪಿಗಿ ಐತಿ, ಒಪ್ಪಿಗಿ ಐತಿ. ಇಷ್ಟು ಅವಸರ ಯಾಕ್ರಿ? ಹುಡುಗಿ ಒಳಗ ಏನರ ಕೊರತಿ ಐತೇನು?"

ಶಿವದೇವಿ ಅಮ್ಮನ ಮುಖ ಕಪ್ಪಿಟ್ಟಿತು. ತಮ್ಮ ಕಟ್ಟಳೆಯನ್ನು ತಮಗೇ ಯಾರೋ ಓದಿ ಹೇಳಿದಂತಾಗಿತ್ತು. "ಅಲ್ರಿ ಅಕ್ಕಾರ, ಅದು ಮೊಹರಿಂದು... ಫಲಕ ಬ್ಯಾರೆ ಕಡೆ ಇತ್ತು..." ಎಂದು ತಡವರಿಸಿ ನನ್ನತ್ತ ನೋಡಿದರು. ನಾನು ಬಾಯಿ ತೆರೆದೆ. ಜಾಗದ ಹೆಸರು, ಬಾಲ, ಕೊನೆಯ ಗುಂಡಿ, ಯಾವುದರಿಂದ ಆರಂಭಿಸಲಿ ಎಂದು ಲೆಕ್ಕ ಹಾಕತೊಡಗಿದೆ.

ಉಮಾಶ್ರೀ ಎದ್ದು ಬಂದು ಫೋನಿನ ಎದುರು ನಿಂತರು.

"ನಮಸ್ಕಾರ್ರಿ ಅತ್ತಿ. ನಾನು ಉಮಾಶ್ರೀ. ನಿಮ್ಮ ಮಗನ ಕೈಯಾಗ ಜರಾ ಕೊಡ್ರಿ."

"ಅಯ್ಯ! ಹುಡುಗಿನೇ ಮಾತಾಡ್ತಾಳಲ್ಲ! ಅತ್ತಿ ಅಂತಾಳ ಬ್ಯಾರೆ!"

"ಬ್ಯಾಡಂದ್ರ ಅಮ್ಮಾರ ಅಂತೀನ್ರಿ. ಕೊಡ್ರಿ."

ಆ ಕಡೆ ಗುಸುಗುಸು, ಯಾವುದೋ ಪಾತ್ರೆ ಬಿದ್ದ ಸದ್ದು. ಆಮೇಲೆ ಗಂಡು ದನಿ: "ಹಲೋ."

"ನಾನು ಒಂದೇ ಸಲ ಹೂಂ ಅಂದದ್ದು" ಎಂದರು ಉಮಾಶ್ರೀ. "ಅದು ಕಳದೋತು ಅಂತ ಈ ಆಫೀಸಿನವರು ಅದನ್ನೇ ತಿರುತಿರುಗಿ ಕಳಿಸ್ಯಾರ. ಕಡೇದು ಮಾತ್ರ ನನ್ನ ಕೇಳಿ ಕಳಿಸ್ಯಾರ. ನಾನೇ ಕಳಿಸ್ರಿ ಅಂದೆ. ಅದರಾಗ ನಾಚಿಕಿ ಏನಿಲ್ಲ ನನಗ. ನಿಮ್ಮದು ಇನ್ನೂ ಒಂದೂ ಬಂದಿಲ್ಲ. ಬ್ಯಾಡ ಅಂದ್ರ ಬ್ಯಾಡ ಅನ್ರಿ, ನಾನು ಹೋಗಿ ಡ್ಯೂಟಿ ಮಾಡ್ತೀನಿ. ಸುಮ್ನ ಕೂಡಬ್ಯಾಡ್ರಿ."

ಶಿವದೇವಿ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ನನಗೆ ಫೋನ್ ಕಟ್ಟಾಯಿತೇನೋ ಎನ್ನಿಸಿ ತೆರೆಯತ್ತ ಬಗ್ಗಿದೆ. ಕಟ್ಟಾಗಿರಲಿಲ್ಲ.

"ಈಗ ಬಾಯಿಲೆ ಹೇಳಿದ್ರ ನಡೀತೈತೇನ್ರಿ?" ಎಂದರು ಆನಂದಕುಮಾರ.

"ನಡೀತೈತಿ."

"ಹಂಗಾರ ಹೂಂ ರೀ."

"ಏ ನಡಿಯಂಗಿಲ್ಲ, ನಡಿಯಂಗಿಲ್ಲ!" ಶಿವದೇವಿ ಅಮ್ಮ ಕುರ್ಚಿಯಿಂದ ಅರ್ಧ ಎದ್ದರು. "ಮೇಲ್ ಮಾಡ್ರಿ! ಇವತ್ತು ಅಮಾವಾಸಿ! ಈಗಿಂದೀಗ ಮಾಡ್ರಿ!"

ಆ ಕಡೆಯಿಂದ ಗದಿಗೆಮ್ಮನವರು ಏನೋ ಹೇಳಿದ್ದು ಕೇಳಿಸಿತು. ಬೈದರೋ, ನಕ್ಕರೋ ತಿಳಿಯಲಿಲ್ಲ. ಉಮಾಶ್ರೀ ಬೆಂಚಿಗೆ ಮರಳಿ, ಎರಡೂ ಅಂಗೈಯನ್ನು ಮೊಣಕಾಲಿಗೆ ಒತ್ತಿಕೊಂಡು ಕುಳಿತರು. ನಾನು ನೀರು ಕೊಟ್ಟೆ. "ಸೂಜಿ ಚುಚ್ಚೂದು ಇದಕ್ಕಿಂತ ಭಾಳ ಹಗುರ್ರಿ" ಎಂದರು.

ಮೇಲ್ ಸಂಜೆಯೊಳಗೆ ಬಂತು. ಒಂದೇ ಸಾಲು. ಮದುವೆ ಈ ಬೇಸಿಗೆಗೆ ಎಂದು ನಿಶ್ಚಯವಾಗಿದೆ. ಗದಿಗೆಮ್ಮನವರ ದನಿ ಇನ್ನೂ ಅಷ್ಟು ಸಡಿಲಾಗಿಲ್ಲ, ಮಾತುಕತೆಗೆ ಬಂದ ದಿನವೂ ನನ್ನನ್ನು ತೋರಿಸಿ, "ಈಕಿನೇನು ಮೇಲ್ ಮಳಿ ಸುರಿಸಿದಾಕಿ?" ಎಂದು ಕೇಳಿದರು. ನಾನು ಹೌದೆಂದೂ ಅಲ್ಲವೆಂದೂ ಹೇಳಲಾರದೆ ತಾಂಬೂಲದ ತಟ್ಟೆ ಹಿಡಿದು ನಿಂತಿದ್ದೆ. ಅಂದೇ ಆನಂದಕುಮಾರ ತಾವಾಗಿ ಹೇಳಿದರು, ಅವರ ಕಣ್ಣಿಗೆ ಬಿದ್ದದ್ದು ಕೊನೆಯ ಮೇಲ್ ಒಂದೇ, ಅದನ್ನು ನೋಡಿದ ಮೇಲೆ ಹುಡುಕಿದಾಗ ಉಳಿದವು ಸಿಕ್ಕವು ಎಂದು. ಉಮಾಶ್ರೀ ತಲೆಯಾಡಿಸಿದರು.

ಆನಂದಕುಮಾರ ಹೇಳಿದ್ದು ನಿಜವೇ ಇರಬಹುದು. ಆದರೂ ಮನಸ್ಸು ತಡೆಯದೆ, ಅವರೆಲ್ಲ ಹೋದ ಮೇಲೆ ಮೇಲ್ ಕಂಪನಿಯ ಪುಟದಲ್ಲಿ ಆ ಮೊದಲ ಮೇಲ್ ಏನಾಯಿತೆಂದು ಹುಡುಕಿದೆ. ಆ ಕಡೆಯ ಯಂತ್ರ ಅದನ್ನು ತೆಗೆದುಕೊಂಡಿತು ಎಂಬುದು ಮಾತ್ರ ಅಲ್ಲಿತ್ತು. ತೆಗೆದುಕೊಂಡು ಎಲ್ಲಿ ಇಟ್ಟಿತು ಎಂಬುದು ಕಳಿಸಿದವರಿಗೆ ಕಾಣುವುದಿಲ್ಲವಂತೆ. ಸುಮಂತ ಸರ್‌ರನ್ನೂ ಕೇಳಿದೆ, ಕಾಣುವುದಿಲ್ಲ ಎಂದರು. ಹೀಗಾಗಿ ಉಮಾಶ್ರೀ ಅವರ ಮೊದಲ ಒಪ್ಪಿಗೆ ಸ್ಪ್ಯಾಮ್‌ನಲ್ಲಿ ಯಾರ ಕಣ್ಣಿಗೂ ಬೀಳದೆ ಉಳಿದಿತ್ತೋ, ಅಥವಾ ಆನಂದಕುಮಾರ ಅದನ್ನು ಅಂದೇ ಓದಿ, ಏನು ಹೇಳಬೇಕೆಂದು ತಿಳಿಯದೆ ಸುಮ್ಮನಿದ್ದರೋ, ನನಗೆ ಗೊತ್ತಿಲ್ಲ.